ವಾಟ ಕೇಳಿದವನು

ದೆವ್ವ, ಗಾಳಿ, ಸೋಕು ಅಂತ ಯಾರಾದರೂ ಬಾಯಿ ತೆರೆದರೆ ನನಗೆ ಮೈ ಉರಿಯುತ್ತಿತ್ತು. ಅಂಥವರನ್ನು ಎದುರಿಗೇ ಗೇಲಿ ಮಾಡಿ ಕಳಿಸುತ್ತಿದ್ದೆ. ಈಗ ನಂಬುತ್ತೇನೆ ಅಂತಲೂ ಹೇಳಲಾರೆ. ಆದರೆ ಗೇಲಿ ಮಾಡುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಅನ್ನುವುದನ್ನು ಇಷ್ಟು ವರ್ಷ ಹೆಂಡತಿಗೂ ಹೇಳಿಲ್ಲ. ಹೇಳಿದರೆ ಮಾನ ಹೋಗುವುದು ದೆವ್ವದ್ದಲ್ಲ, ನನ್ನದು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಪುರವರದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮಧುಗಿರಿ ಬಸ್ಸಿನ ಕಂಡಕ್ಟರನಿಗೂ ಇಂಗ್ಲಿಷಿನಲ್ಲೇ ಊರಿನ ಹೆಸರು ಹೇಳುವಷ್ಟು ಜಂಬ. ಹುಡುಗರು ಒಂದು ಪದ ತಪ್ಪು ಉಚ್ಚರಿಸಿದರೆ ಮುಗಿಯಿತು, ತಿದ್ದುವ ತನಕ ನನಗೆ ಸಮಾಧಾನವಿರುತ್ತಿರಲಿಲ್ಲ.

ಶಾಲೆಯ ಹಿಂದಿನ ಹಟ್ಟಿಯಲ್ಲಿ ಕಾಟಜ್ಜ ಅಂತ ಒಬ್ಬ ಕುರಿ ಕಾಯುವವನಿದ್ದ. ಐವತ್ತೈದರ ಆಸುಪಾಸು. ಅವನ ಕುರಿಗಳು ನೀರು ಕುಡಿಯುತ್ತಿದ್ದ ತೊಟ್ಟಿ ಕಲ್ಲಿನದೂ ಅಲ್ಲ, ಮರದ್ದೂ ಅಲ್ಲ. ಬೆಳ್ಳನೆಯ ಹಗುರ ತಗಡು, ಅಂಚಿನುದ್ದಕ್ಕೂ ಸಾಲಾಗಿ ರಿವೆಟ್ಟು. ಏನಜ್ಜ ಇದು ಅಂದರೆ, "ಇಮಾನದ ರೆಕ್ಕೆ ಕಣ್ ಮೇಷ್ಟ್ರೇ" ಅಂದ.

ಎರಡನೇ ಮಹಾಯುದ್ಧದ ಕಾಲದಲ್ಲಿ ಚನ್ನರಾಯನದುರ್ಗದ ಆಚೆಯ ಗುಡ್ಡಕ್ಕೆ ಮಿಲಿಟರಿ ವಿಮಾನವೊಂದು ಬಡಿದು ಬಿದ್ದಿತ್ತಂತೆ. ಕಾಟಜ್ಜ ಆಗ ಮೀಸೆ ಚಿಗುರಿದ ಪ್ರಾಯದವನು, ಅದೇ ಗುಡ್ಡದಲ್ಲಿ ಕುರಿ ಬಿಟ್ಟುಕೊಂಡಿದ್ದ. ಉಳಿದವರು ಸುಟ್ಟುಹೋಗಿದ್ದರು, ಒಬ್ಬ ಬಿಳಿಯ ಮಾತ್ರ ಜೀವಂತವಿದ್ದ. ಅವನಿಗೆ ಇಳಿಯುವ ದಾರಿ ತೋರಿಸಿ, ಜನ ಕರೆತರಲು ತಾನು ಹಟ್ಟಿಗೆ ಓಡಿದೆ ಅಂತ ಕಾಟಜ್ಜ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಜನ ಹತ್ತಿ ಹೋಗುವುದರೊಳಗೆ ಬೆಳಗಾಗಿತ್ತು. ಆ ಬಿಳಿಯ ಕೆಳಗಿನ ಒಣಹಳ್ಳದ ತನಕ ತೆವಳಿಕೊಂಡು ಬಂದು ಸತ್ತಿದ್ದ. ದೊರೆಗೆ ದಾರಿ ತೋರಿಸಿದ ಕಾಟಯ್ಯ ಅಂತ ಹಟ್ಟಿಯಲ್ಲಿ ಅವನಿಗೆ ಒಂದು ಮರ್ಯಾದೆ. ಬೇರೆ ಯಾವುದಕ್ಕೂ ಆ ಮನುಷ್ಯ ಹೆಮ್ಮೆ ಪಟ್ಟದ್ದನ್ನು ನಾನು ಕಂಡಿಲ್ಲ.

ಒಂದು ದಿನ ಶಾಲೆಯ ಬಾಗಿಲಿಗೇ ಬಂದ. "ಆ ದೊರೆ ಇನ್ನೂ ಗುಡ್ಡದ್ ಮ್ಯಾಲೇ ಕೂಗ್ತಾವ್ನೆ ಮೇಷ್ಟ್ರೇ. ಬಿಸಿಲೊತ್ನಾಗೆ ಕೇಳುಸ್ತದೆ. ನೀವು ಇಂಗ್ಲಿಷು ಬಲ್ಲೋರು, ಒಂದ್ಕಿತ ಬಂದು ಕೇಳಿ, ಏನ್ ಬೇಕಂತೆ ಅಂತ." ನನಗೆ ನಗು. ದೆವ್ವದ ಇಂಗ್ಲಿಷಿಗೂ ಮಾರ್ಕು ಕೊಟ್ಟರಾಯಿತು ಅಂದುಕೊಂಡು ಭಾನುವಾರ ಹೊರಟೆ.

ನಡು ಬೇಸಿಗೆ. ಹತ್ತುವಷ್ಟರಲ್ಲಿ ಮಧ್ಯಾಹ್ನವಾಯಿತು. ಮೇಲೆ ಬೋಳುಬಂಡೆ. ವಿಮಾನದಲ್ಲಿ ಹೊತ್ತೊಯ್ಯಬಹುದಾದದ್ದನ್ನೆಲ್ಲ ಜನ ಒಯ್ದಿದ್ದರು. ಕರಿ ಎಂಜಿನ್ನಿನ ಮುದ್ದೆಯೊಂದು ಬಂಡೆಯ ಬಿರುಕಿನಲ್ಲಿ ಸಿಕ್ಕಿಕೊಂಡು ಉಳಿದಿತ್ತು. ಬಹಳ ಹೊತ್ತು ಕೂತೆವು. ಗಾಳಿ ಬಿಟ್ಟರೆ ಏನೂ ಇಲ್ಲ. "ಏನಜ್ಜ, ದೊರೆ ಊಟಕ್ಕೆ ಹೋಗಿರಬೇಕು" ಅಂತ ಛೇಡಿಸಿದೆ.

"ಈಗ್ಲೂ ಕೂಗ್ತಾವ್ನಲ್ಲ. ನಿಮ್ಗೆ ಕೇಳುಸ್ತಿಲ್ವಾ? ಆವತ್ತಿನ್ ಮಾತೇ ಕಣ್ ಮೇಷ್ಟ್ರೇ. ನನ್ ಕೈ ಹಿಡ್ಕಂಡು ವಾಟ, ವಾಟ ಅಂದ. ದೊರೆಗೂ ನಮ್ಮಾತು ಬತ್ತದಲ್ಲಾ ಅನ್ಕಂಡೆ. ಈ ಕಡೀಕೆ ವಾಟ ಐತೆ ಸೋಮಿ, ಇಂಗೇ ಇಳೀರಿ ಅಂತ ಕೈ ತೋರುಸ್ಬುಟ್ಟು ಓಡ್ದೆ."

ವಾಟ ಅಂದರೆ ಇಳಿಜಾರು. ಚಾವಣಿಯ ನೀರು ಹರಿದುಹೋಗಲು ಗಾರೆಯವರು ವಾಟ ಕೊಡುತ್ತಾರಲ್ಲ, ಅದೇ.

ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಗಟ್ಟಿಯಾಗಿಯೇ ನಕ್ಕೆ. ಆಮೇಲೆ ಒಂಬತ್ತನೇ ತರಗತಿಯ ದಡ್ಡ ಹುಡುಗನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದೆ: "ವಾಟ ಅಲ್ಲ ಅಜ್ಜ, ವಾಟರ್. ಹಾಗಂದರೆ ನೀರು. ಅವನು ದಾರಿ ಕೇಳಲಿಲ್ಲ. ನೀರು ಕೇಳಿದ."

"ನೀರಾ?" ಅಂದ ಕಾಟಜ್ಜ. ಅವನ ಕೈ ತಾನಾಗಿಯೇ ಸೊಂಟದ ನೀರಿನ ಸೋರೆಬುರುಡೆಯ ಮೇಲೆ ಹೋಯಿತು. "ಆವತ್ತೂ ತುಂಬಿತ್ತಲ್ಲಾ ಮೇಷ್ಟ್ರೇ. ಇಲ್ಲೇ ಇತ್ತಲ್ಲಾ, ಸೊಂಟ್ದಾಗೆ."

ಅಯ್ಯೋ, ಆಗಲಾದರೂ ನನ್ನ ಹಾಳು ಬಾಯಿ ಮುಚ್ಚಬಾರದಿತ್ತೇ? "ಪಾಪ, ನಿನಗೇನು ಗೊತ್ತು ಬಿಡು" ಅಂದೆ. ಸಮಾಧಾನ ಹೇಳಿದೆ ಅಂತ ನನ್ನ ಎಣಿಕೆ.

ಕಾಟಜ್ಜ ಎದ್ದು, ಆವತ್ತು ಆ ಬಿಳಿಯ ಬಿದ್ದಿದ್ದ ಜಾಗಕ್ಕೆ ಹೋಗಿ, ಬುರುಡೆಯ ಬಿರಡೆ ಕಿತ್ತು ನೀರು ಸುರಿದ. ನಾನು ಅವನಿಂದ ನಾಲ್ಕು ಹೆಜ್ಜೆ ಕೆಳಗೆ ನಿಂತಿದ್ದೆ. ಚಪ್ಪಲಿ ನೆನೆಯುತ್ತದೆ ಅಂತ ಕಾಲು ಪಕ್ಕಕ್ಕೆ ತೆಗೆದೆ. ನೀರು ನನ್ನ ಕಡೆ ಬರಲಿಲ್ಲ. ಬೆರಳು ದಪ್ಪದ ಒಂದು ಗೆರೆಯಾಗಿ ಬಂಡೆಯ ಇಳಿಜಾರಿಗೆ ಎದುರಾಗಿ ಏರಿ, ಮೇಲ್ಗಡೆ ಎರಡು ಮಾರು ದೂರದ ಆ ಎಂಜಿನ್ನಿನ ಕಡೆ ಹೋಗಿ, ಅದರ ಕೆಳಗಿನ ಬಿರುಕಿನೊಳಗೆ ಇಳಿಯಿತು. ಅವಸರವೇನೂ ಇರಲಿಲ್ಲ. ಬುರುಡೆ ಬರಿದಾಗುವ ತನಕ ಹಾಗೇ ಹೋಯಿತು. ನನ್ನ ಕಾಲ ಬಳಿ ಒಂದು ಹನಿ ತೇವವಿಲ್ಲ.

"ನಿಂತೋಯ್ತು" ಅಂದ ಕಾಟಜ್ಜ. ಕೂಗು ನಿಂತಿತು ಅಂತ.

ಮುಂದಿನ ಭಾನುವಾರ ಶಾಲೆಯ ಗೋಡೆ ಕಟ್ಟುತ್ತಿದ್ದ ಗಾರೆಯವನಿಂದ ಇಳಿಜಾರು ಅಳೆಯುವ ರಸಮಟ್ಟ ಇಸಿದುಕೊಂಡು ಒಬ್ಬನೇ ಹತ್ತಿದೆ. ಬಂಡೆಯ ಮೇಲಿಟ್ಟು ನೋಡಿದೆ. ವಾಟ ಕೆಳಕ್ಕೇ ಇತ್ತು, ಸಣ್ಣ ವಾಟವಲ್ಲ, ಒಳ್ಳೆ ಜಾರುಬಂಡೆ. ಮೂರು ಸಲ ನೀರು ಸುರಿದೆ. ಮೂರು ಸಲವೂ ನೆಟ್ಟಗೆ ಇಳಿದು ಬಂದು ನನ್ನ ಚಪ್ಪಲಿ ನೆನೆಸಿತು.

ಕಾಟಜ್ಜ ಆಮೇಲೆ ದೊರೆಯ ಕಥೆ ಎತ್ತಲೇ ಇಲ್ಲ. ಆ ರೆಕ್ಕೆಯ ತೊಟ್ಟಿಯನ್ನು ಬೋರಲು ಹಾಕಿ ಕುರಿಗಳನ್ನು ಕೆರೆಗೆ ಹೊಡೆಯತೊಡಗಿದ. ಮಳೆ ಹಿಡಿಯುವ ಮುಂಚೆಯೇ ಹಾಸಿಗೆ ಹಿಡಿದ. ಸುದ್ದಿ ಬಂದು ನಾನು ಹೋದಾಗ ಸೊಸೆ ಅವನ ತುಟಿಗೆ ಲೋಟ ಹಿಡಿದಿದ್ದಳು. ಎರಡು ದಿನದಿಂದ ಒಂದು ಗುಟುಕೂ ಇಳಿದಿಲ್ಲವಂತೆ. ಅವನು ಹಲ್ಲು ಕಚ್ಚಿಕೊಂಡು ಮುಖ ತಿರುಗಿಸುತ್ತಿದ್ದ. ಕೈಯೊಂದನ್ನು ಕಷ್ಟಪಟ್ಟು ಎತ್ತಿ ಕೆಳಗೆ, ದೊರೆ ಸತ್ತ ಆ ಹಳ್ಳದ ಕಡೆ ತೋರಿಸುತ್ತಿದ್ದ. ಎತ್ತಿದ ಕೈ ಬೀಳುವುದು, ಮತ್ತೆ ಎತ್ತುವುದು.

"ನೀರ್ ಕೊಟ್ರೆ ಇಂಗೇ ಕೈ ತೋರುಸ್ತಾರೆ. ಏನ್ ಯೋಳ್ತಾವ್ರೋ ಒಂದೂ ತಿಳೀವಲ್ದು. ನೀವು ಓದಿರೋರು, ನೋಡಿ ಮೇಷ್ಟ್ರೇ" ಅಂದಳು ಸೊಸೆ.

ಆ ನೀರು ಯಾಕೆ ಮೇಲಕ್ಕೆ ಹೋಯಿತು ಅನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಗೊತ್ತಿತ್ತು. "ಗೊತ್ತಾಗ್ತಿಲ್ಲ ಕಣಮ್ಮ" ಅಂದು ಎದ್ದು ಬಂದೆ.