ನಲ್ಲಿ ನೀರಿನ ಮಳೆಮಂಟಪ

ಯಾರು ಏನು ಹೇಳಿದರೂ ಮೂತಿ ತಿರುವುತ್ತಾಳೆ ಎಂದು ಕಾಲೇಜಿನಲ್ಲಿ ಅವಳಿಗೆ ‘ಮೂತಿ’ ಎಂದೇ ಹೆಸರು ಬಿದ್ದಿತ್ತು. ಅವಳು ಅದನ್ನು ಬಿರುದೆಂದೇ ತಿಳಿದಿದ್ದಳು. ಕಟ್ಟಡ ವಿನ್ಯಾಸ ಕಲಿಯಲು ಬಂದವರಲ್ಲಿ ಮುಕ್ಕಾಲು ಮಂದಿಗೆ ನೆಟ್ಟಗೆ ಒಂದು ಮೊಳೆ ಹೊಡೆಯಲು ಬಾರದು. ಅಂಥವರಿಗೆ ಇನ್ನೇನು ತೋರಿಸುವುದು?

ಕೊನೆಯ ವರ್ಷ ಕಾಲೇಜಿನ ಅಂಗಳದಲ್ಲಿ ಮಳೆನೀರಿನ ಮಂಟಪ ಕಟ್ಟುವ ಕೆಲಸ ಅವಳ ಗುಂಪಿಗೆ ಬಂತು. ಜನ ಮುಟ್ಟಿ, ತುಳಿದು, ಆಡುವಂಥ ಮಂಟಪ. ವಿನ್ಯಾಸ ಅವಳದೇ. ಮಗುಚಿದ ಕೊಡೆಯಂಥ ತಗಡಿನ ಸೂರು. ಅದರ ನೀರು ಕೊಳವೆಯಲ್ಲಿಳಿದು ಕೆಳಗಿನ ತೊಟ್ಟಿ ಸೇರಬೇಕು. ಕೂರುವ ಬೆಂಚಿನಡಿಯ ಪೆಡಲ್ ತುಳಿದರೆ ಆ ನೀರು ಮೇಲೇರಿ, ತಟ್ಟೆಯಿಂದ ತಟ್ಟೆಗೆ ಸದ್ದು ಮಾಡುತ್ತ ಇಳಿಯಬೇಕು. ತಗಡು ಬಗ್ಗಿಸಿ ಅವಳ ಅಂಗೈ ಬೊಬ್ಬೆಯೆದ್ದಿತು. ಗುಂಪಿನ ನಾಯಕನ ಕೈ ಮಾತ್ರ ಬೆಣ್ಣೆಯಂತಿತ್ತು. ಅವನಿಗೆ ಅವಳಿಟ್ಟ ಹೆಸರು ‘ಭಾಷಣ’.

ಉದ್ಘಾಟನೆಯ ಬೆಳಿಗ್ಗೆ ನೋಡಿದರೆ ಸೂರಿನ ಮೇಲೆ ನೀಲಿ ಬಟ್ಟೆಯ ಹೊದಿಕೆ.

“ಇದ್ಯಾಕೆ?”

“ಫೋಟೋದಲ್ಲಿ ತಗಡು ಚೆನ್ನಾಗಿ ಕಾಣಲ್ಲ,” ಎಂದ ಭಾಷಣ.

“ಮತ್ತೆ ತೊಟ್ಟಿಗೆ ನೀರು?”

“ನಲ್ಲಿಯಿಂದ ತುಂಬಿಸಿದೀವಿ. ಯಾರಿಗೆ ಗೊತ್ತಾಗುತ್ತೆ?”

ಅವಳು ಪಕ್ಕದಲ್ಲೇ ನಿಂತಿದ್ದ, ಕೆಲಸದ ಉಸ್ತುವಾರಿ ಹೊತ್ತ ಮೇಷ್ಟ್ರ ಮುಖ ನೋಡಿದಳು. ಅವರು ಹಲ್ಲುಗಿಂಜಿದರು. “ಇವತ್ತೊಂದಿನ ಸುಮ್ನಿರಮ್ಮ.”

ಸುಮ್ಮನಿದ್ದಳು. ಅತಿಥಿ ಪೆಡಲ್ ತುಳಿದರು, ನಲ್ಲಿ ನೀರು ಟಣಟಣ ಇಳಿಯಿತು, ಚಪ್ಪಾಳೆ ಬಿತ್ತು. ಭಾಷಣ ಮಳೆಯ ಹಿರಿಮೆಯನ್ನು ಕೊಂಡಾಡುತ್ತಿರುವಾಗಲೇ ನಾಲ್ಕು ಹನಿ ಉದುರಿದವು. ಹೊಗಳುತ್ತಿದ್ದವನೂ ತಲೆದೂಗುತ್ತಿದ್ದವರೂ ಎದ್ದುಬಿದ್ದು ಸಭಾಂಗಣಕ್ಕೆ ಓಡಿದರು. ಮಳೆ ಬಟ್ಟೆಯ ಮೇಲಿಂದ ಜಾರಿ ಕೆಸರಿಗೆ ಸುರಿಯಿತು. ಸಭಾಂಗಣದಲ್ಲಿ ಗುಂಪಿಗೆ ಒಳ್ಳೆಯ ವಿನ್ಯಾಸದ ಬಹುಮಾನವೂ ಬಂತು. ಅವಳಿಗೆ ಸಿಟ್ಟಿಗಿಂತ ಹೇಸಿಗೆಯಾಯಿತು. ಬಾಯಿ ಮುಚ್ಚಿ ನಿಂತಿದ್ದ ತನ್ನನ್ನೂ ಅವಳು ಅದರಿಂದ ಹೊರಗಿಡಲಿಲ್ಲ.

ಮರುದಿನ ಸ್ಪ್ಯಾನರ್ ಹಿಡಿದು ಬಂದು ಪೆಡಲ್, ಕೊಳವೆ, ತಟ್ಟೆ ಎಲ್ಲ ಬಿಚ್ಚಿದಳು. ಗಾಡಿಗೆ ಹೇರಿಸಿ, ಅಕ್ಕ ನಡೆಸುತ್ತಿದ್ದ ಶಿಶುವಿಹಾರದ ಹಿತ್ತಲಿಗೆ ಸಾಗಿಸಿ, ಅಲ್ಲಿನ ಸೂರಿನ ನೀರಿಗೆ ಜೋಡಿಸಿದಳು.

ಮೇಷ್ಟ್ರು ಫೋನ್ ಮಾಡಿದರು. “ಮಂಟಪ ಬೋಳಾಗಿದೆಯಲ್ಲಮ್ಮ, ಯಾರು ಬಿಚ್ಚಿದ್ದು?”

“ನಾನೇ ಸರ್. ಫೋಟೋ ತೆಗೆದಾಯ್ತಲ್ಲ, ಇನ್ನೇನು ಕೆಲಸ ಅದಕ್ಕೆ?”

“ಅದು ಕಾಲೇಜಿನ ಆಸ್ತಿ.”

“ಬಂದು ತಗೊಂಡು ಹೋಗಿ. ಮಕ್ಕಳ ಕೈಯಿಂದ ಕಿತ್ಕೊಳ್ಬೇಕು, ಅಷ್ಟೇ.”

ಯಾರೂ ಬರಲಿಲ್ಲ. ಮೇಷ್ಟ್ರು ಅವಳ ಅಂಕ ಕತ್ತರಿಸಿ ಸೇಡು ತೀರಿಸಿಕೊಂಡರು. ಅವರಿಂದ ಅವಳು ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿಯೂ ಇರಲಿಲ್ಲ. ಆ ಮಳೆಗಾಲವಿಡೀ ಮಕ್ಕಳು ಪೆಡಲ್ ತುಳಿಯಲು ಜಗಳವಾಡಿದರು.

“ಇಷ್ಟು ಒದ್ದೆ ಬಟ್ಟೆ ಒಣಗಿಸೋರು ಯಾರೇ?” ಎಂದು ಅಕ್ಕ ದಿನಾ ಬೈದಳು.