ಉಪ್ಪುಕೆರೆಯ ಮಧ್ಯಾಹ್ನ

ಗೋಥೆನ್‌ಬರ್ಗ್‌ನ ಈಜುಕೊಳದಲ್ಲಿ ನಾನು ಯಾವಾಗಲೂ ದಡದ ಬೆಂಚಿನವಳು. ಶಾಲೆಯಲ್ಲಿ ಈಜಿನ ಬ್ಯಾಡ್ಜ್ ಗೆದ್ದ ಮಗಳು ಮಾತೆಲ್ಲ ಸ್ವೀಡಿಷ್‌ನಲ್ಲೇ ಆಡಿದರೂ ಇದೊಂದನ್ನು ಮಾತ್ರ ಅಚ್ಚ ಕನ್ನಡದಲ್ಲಿ ಹೇಳುತ್ತಾಳೆ: “ಅಮ್ಮಂಗೆ ಈಜು ಬರಲ್ಲ.”

ರಜೆಗೆ ರೊಮೇನಿಯಾದ ಈ ಬೆಟ್ಟದೂರಿಗೆ ಬಂದಿದ್ದೇವೆ. ಇಲ್ಲಿನ ಕೆರೆಗಳ ನೀರೆಲ್ಲ ಉಪ್ಪು. ಮೈಕೈ ನೋವಿಗೆ ಒಳ್ಳೆಯದೆಂದು ಜನ ಬಂದು ಮೀಯುತ್ತಾರೆ. ನಾನೂ ಇಳಿದು, ಧೈರ್ಯ ಮಾಡಿ ಹಿಂದಕ್ಕೆ ಒರಗಿದೆ. ನೀರು ನನ್ನನ್ನು ಎತ್ತಿ ಹಿಡಿಯಿತು! ಪಕ್ಕದಲ್ಲಿ ಬ್ಯಾಡ್ಜಿನವಳು ಮುಳುಗು ಹಾಕಲು ಹೋಗಿ ಹೋಗಿ ಬೆಂಡಿನ ಹಾಗೆ ಮೇಲೇಳುತ್ತಿದ್ದಳು.

ಅಷ್ಟರಲ್ಲಿ ಸೀಟಿ ಕೇಳಿಸಿತು. ಮಧ್ಯಾಹ್ನ ಕೆರೆಗೂ ವಿಶ್ರಾಂತಿಯಂತೆ, ಎಲ್ಲರೂ ಮೇಲೆ ಹತ್ತಬೇಕಂತೆ. ಎಲ್ಲರೂ ಹತ್ತಿದರು. ಕಾವಲಿನವನು ನನ್ನತ್ತಲೇ ಕೈ ಬೀಸುತ್ತಿದ್ದ.

“ಅಮ್ಮಾ, ಬಾ!” ದಡದಿಂದ ಮಗಳು ಕೂಗಿದಳು, ಅದೂ ಕನ್ನಡದಲ್ಲಿ.

ನಲವತ್ತು ವರ್ಷ ದಡದಲ್ಲಿ ಕೂತಿದ್ದು ಸಾಕು. ಮಲಗಿದಲ್ಲಿಂದಲೇ ಕೂಗಿದೆ: “ಬರಲ್ಲ!”