ನಗಬಾರದ ಕೆಲಸ

ನಮ್ಮ ಭಾವ ಜನರನ್ನು ನಗಿಸಿಯೇ ಹೊಟ್ಟೆ ಹೊರೆದವರು. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದರು. "ಸ್ವಲ್ಪ ನಗಿ, ಹಲ್ಲಿಗೆ ಬೇರೆ ಚಾರ್ಜ್ ಇಲ್ಲ" ಎನ್ನುತ್ತ, ರಚ್ಚೆ ಹಿಡಿದ ಮಗುವಿನಿಂದ ಹಿಡಿದು ಸಿಡುಕು ಮೋರೆಯ ಅಧಿಕಾರಿಯವರೆಗೆ ಎಲ್ಲರ ಬಾಯಿಯನ್ನೂ ಅಗಲಿಸುತ್ತಿದ್ದರು. ಆಮೇಲೆ ಎಲ್ಲರ ಕೈಗೂ ಫೋನ್ ಬಂತು, ಸ್ಟುಡಿಯೋ ಬಾಗಿಲು ಮುಚ್ಚಿತು. ಮನೆಯಲ್ಲಿ ಕೂತು ನನ್ನ ಅಕ್ಕನ ತಲೆ ತಿನ್ನುತ್ತಿದ್ದಾಗ ಅವರಿಗೆ ಹೊಸ ಕೆಲಸ ಸಿಕ್ಕಿತು. ನಗದೆ ಕೂರುವುದೇ ಆ ಕೆಲಸ.

ಕಾಲೇಜಿನ ಮನಶ್ಶಾಸ್ತ್ರ ವಿಭಾಗದಲ್ಲಿ ಒಬ್ಬ ಸಂಶೋಧಕಿ ಪ್ರಯೋಗ ನಡೆಸುತ್ತಿದ್ದರು. ಬಂದವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡು, ಅಪರಿಚಿತರೊಬ್ಬರ ಮುಂದೆ ನಿಂತು, ತಾವು ಯಾರಿಗೋ ಹೇಳುತ್ತ ಬಂದಿರುವ ಸಣ್ಣ ಸುಳ್ಳೊಂದನ್ನು ಒಪ್ಪಿಕೊಳ್ಳಬೇಕು. ಆ ಅಪರಿಚಿತರೇ ಭಾವ. ಎದುರಿನವರು ಅಳಲಿ, ತಮಾಷೆ ಮಾಡಲಿ, ಇವರ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಬಾರದು.

ಒಳಗೆ ಕಳಿಸುವ ಮುಂಚೆ ಸಂಶೋಧಕಿ ಹೊರಕೋಣೆಯಲ್ಲಿ ಒಬ್ಬೊಬ್ಬರಿಗೂ ನಾಣ್ಯ ಚಿಮ್ಮುತ್ತಿದ್ದರು. ಒಂದು ಮಗ್ಗುಲು ಬಿದ್ದವರಿಗೆ, "ಒಳಗೆ ಕೂತವರು ನಗಲ್ಲ, ಅದು ಅವರ ಕೆಲಸ" ಎಂದು ಮೊದಲೇ ಹೇಳುವುದು. ಇನ್ನೊಂದು ಮಗ್ಗುಲು ಬಿದ್ದವರಿಗೆ ಏನೂ ಹೇಳದೆ ಕಳಿಸುವುದು. ಯಾವ ಗುಂಪಿನವರ ಎದೆ ಹೆಚ್ಚು ಹೊಡೆದುಕೊಳ್ಳುತ್ತದೆ ಎಂದು ಆ ಪಟ್ಟಿ ಅಳೆಯುತ್ತಿತ್ತು.

ಭಾವನ ಕರುಳು ಮೆತ್ತಗೆ. "ಮೇಡಂ, ಪಾಪ, ಪುಕ್ಕಲರಿಗೆ ಮಾತ್ರ ಹೇಳಿ ಕಳಿಸಬಾರದಾ?" ಎಂದು ಕೇಳಿದರಂತೆ.

"ಹಾಗೆ ಮುಖ ನೋಡಿ ಆರಿಸಿದ್ರೆ ಕೆಟ್ಟೆವು. ಆಮೇಲೆ ಎದೆ ಹೊಡ್ಕೊಂಡಿದ್ದು ನಮ್ಮ ಮಾತಿಂದಲೋ ಅವರ ಸ್ವಭಾವದಿಂದಲೋ ಅಂತ ಯಾರು ಹೇಳೋದು? ನಾಣ್ಯಕ್ಕೆ ಯಾರ ಮುಖಾನೂ ಕಾಣಲ್ಲ, ಅದಕ್ಕೇ ಅದು ಬೇಕು. ಯಾರು ಯಾವ ಗುಂಪು ಅಂತ ನಿಮಗೂ ಹೇಳಲ್ಲ, ಹೇಳಿದ್ರೆ ನಿಮ್ಮ ಮುಖ ಸಡಿಲ ಆಗತ್ತೆ. ಎಲ್ಲರದ್ದೂ ಮುಗಿಯೋವರೆಗೆ ನೀವೂ ಹೊರಗೆ ಬಾಯಿ ಬಿಡಬಾರದು."

ಭಾವ ಮಾತು ಕೊಟ್ಟರು. ಮನೆಯಲ್ಲಿ ನಮಗೆ ಗೊತ್ತಿದ್ದದ್ದು ಅವರು ಎಲ್ಲೋ ಗಂಟುಮುಖ ಹಾಕಿಕೊಂಡು ಕೂತು ಬರುತ್ತಾರೆ ಎಂಬುದಷ್ಟೇ.

ಒಂದು ದಿನ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಬಂದು ನಿಂತಳು. "ನನ್ನ ಹುಡುಗ ಅವರಮ್ಮ ಮಾಡಿದ ಊಟದಲ್ಲಿ ದಿನಾ ನನಗೂ ಪಾಲು ಕೊಡ್ತಾನೆ. ನಾನು ಆಹಾ ಓಹೋ ಅಂತೀನಿ. ನಿಜ ಹೇಳ್ಬೇಕು ಅಂದ್ರೆ, ಅದರಲ್ಲಿ ಉಪ್ಪೇ ಇರಲ್ಲ" ಎಂದಳು. ಅಲ್ಲಿಗೆ ಮಾತು ತಡವರಿಸಿ, ತಲೆ ತಗ್ಗಿಸಿ ಹೊರಟೇಹೋದಳು. ನಮ್ಮಂಥ ಮನೆ ಇನ್ನೊಂದೂ ಇದೆಯಲ್ಲ ಎಂದು ಭಾವ ಕೆನ್ನೆಯೊಳಗನ್ನು ಕಚ್ಚಿ ನಗು ತಡೆದುಕೊಂಡರಂತೆ. ಏಕೆಂದರೆ ನನ್ನ ಅಕ್ಕನ ಕೈಗೂ ಉಪ್ಪಿಗೂ ಬಹಳ ದೂರದ ಪರಿಚಯ. ಒಡಹುಟ್ಟಿದವನು, ನಾನೇ ಹೇಳಬೇಕು.

ಕೆಲವು ದಿನ ಕಳೆದು ಅಕ್ಕನ ಮಗ ತಾನು ಮದುವೆಯಾಗಬೇಕೆಂದಿರುವ ಹುಡುಗಿಯನ್ನು ಊಟಕ್ಕೆ ಕರೆದ. "ಅಪ್ಪ, ಅವಳಿಗೆ ನಮ್ಮನೆ ಹಿಡಿಸದೇ ಹೋದ್ರೆ?" ಎಂದು ಹಿಂದಿನ ದಿನವೇ ಒದ್ದಾಡುತ್ತಿದ್ದ. "ನಾನಿದ್ದೀನಲ್ಲೋ, ನಗಿಸಿಬಿಡ್ತೀನಿ" ಎಂದು ಭಾವ ಧೈರ್ಯ ಹೇಳಿದರು. ಬಾಗಿಲು ತೆರೆದರೆ ದಪ್ಪ ಕನ್ನಡಕ.

ಹುಡುಗಿಯ ಮುಖ ಬಿಳಿಚಿಕೊಂಡಿತು. ಭಾವನ ನಗು ಅರ್ಧಕ್ಕೇ ನಿಂತಿತು. ನಾಣ್ಯ ಯಾವ ಮಗ್ಗುಲು ಬಿದ್ದಿತ್ತೋ! ಏನೂ ಹೇಳಿಸಿಕೊಳ್ಳದೆ ಒಳಗೆ ಬಂದಿದ್ದರೆ ಅವಳ ಪಾಲಿಗೆ ಇವರು ಕಲ್ಲುಗುಂಡು. ಇಂಥ ಮಾವ ಇರುವ ಮನೆಗೆ ಯಾರು ಬರುತ್ತಾರೆ? ಅದೆಲ್ಲ ನಟನೆ ಎನ್ನೋಣವೆಂದರೆ ಪ್ರಯೋಗ ಇನ್ನೂ ಮುಗಿದಿಲ್ಲ, ಬಾಯಿಗೆ ಬೀಗ. ಮಗನ ಸಂಬಂಧ ತನ್ನ ಮುಖದಿಂದಲೇ ಮುರಿಯುತ್ತದೆ ಎಂದೇ ಅವರು ತಿಳಿದರಂತೆ.

ಇದೊಂದೂ ನನಗೆ ಆಗ ಗೊತ್ತಿರಲಿಲ್ಲ. ಊಟಕ್ಕೆ ಕೂತಾಗ ಭಾವ ಉಸಿರೆತ್ತಲಿಲ್ಲ, ಹುಡುಗಿ ತಲೆ ಎತ್ತಲಿಲ್ಲ. ಮೇಜಿನ ಕೆಳಗೆ ಭಾವನ ಕಾಲು ತುಳಿದೆ, ಪ್ರಯೋಜನವಾಗಲಿಲ್ಲ. ಸೋದರಳಿಯನ ಮುಖ ನೋಡಿ ನಿಜಕ್ಕೂ ಸಂಕಟವಾಯಿತು.

"ಹೇಗಿದೆಯಮ್ಮ?" ಎಂದಳು ಅಕ್ಕ.

"ತುಂಬಾ ಚೆನ್ನಾಗಿದೆ ಆಂಟಿ" ಎಂದ ಹುಡುಗಿ ಭಾವನ ಕಡೆ ಓರೆಗಣ್ಣಲ್ಲಿ ನೋಡಿದಳು. ಭಾವನಿಗೆ ಆಗ ಹೊಳೆಯಿತು, ಉಪ್ಪಿಲ್ಲದ ಆ ಅಡುಗೆ ಯಾರದ್ದೆಂದು!

ಅಕ್ಕ ನೀರು ತರಲು ಒಳಗೆ ಹೋದಳು. ಭಾವ ಅಂಗಿಯ ಜೇಬಿನಿಂದ ಹಳೆಯ ಫಿಲ್ಮ್ ರೋಲಿನ ಪುಟ್ಟ ಡಬ್ಬಿ ತೆಗೆದು, ಅದೇ ಕಲ್ಲುಮುಖದಲ್ಲಿ, ಹುಡುಗಿಯ ತಟ್ಟೆಯ ಪಕ್ಕಕ್ಕೆ ಸರಿಸಿದರು. ಅವಳು ಮುಚ್ಚಳ ತೆಗೆದಳು. ಉಪ್ಪು. ಒಮ್ಮೆ ಡಬ್ಬಿ ನೋಡಿದಳು, ಒಮ್ಮೆ ಭಾವನನ್ನು ನೋಡಿದಳು. ಕಿಸಕ್ಕನೆ ನಕ್ಕಾಗ ತುತ್ತು ನೆತ್ತಿಗೇರಿತು.

"ಅಂಕಲ್, ನೀವು ಹೇಳಿಬಿಡ್ತೀರೇನೋ ಅಂತ ನನ್ನ ಜೀವವೇ ಹೋಗಿತ್ತು!"

"ನಾನು... ಅವತ್ತು ನಗಲಿಲ್ಲ ಅಂತ..."

"ನೀವು ನಗೋದಿಲ್ಲ ಅಂತ ಮೇಡಂ ನನಗೆ ಹೊರಗೇ ಹೇಳಿದ್ರಲ್ಲ! ನಿಮಗೆಷ್ಟು ಕಷ್ಟ ಆಗ್ತಿದೆಯೋ ಪಾಪ ಅಂದ್ಕೊಂಡೆ."

ಭಾವ ಉಸಿರು ಬಿಟ್ಟರು ನೋಡಿ, ಆಮೇಲೆ ನಕ್ಕರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ವಿಷಯ ಗೊತ್ತಿಲ್ಲದ ಅಳಿಯನೂ ನಾನೂ ಜೊತೆಗೆ ನಕ್ಕೆವು.

ಅಷ್ಟರಲ್ಲಿ ಅಕ್ಕ ನೀರಿನ ಜಗ್ಗು ಹಿಡಿದು ಬಂದು ನಿಂತಿದ್ದಳು. ನಾವು ನಗು ನಿಲ್ಲಿಸಿದೆವು, ಭಾವ ಡಬ್ಬಿಯತ್ತ ಕೈ ಚಾಚಿದರು. ಅವಳು ಡಬ್ಬಿ ಎತ್ತಿ, ಒಂದು ಚಿಟಿಕೆ ನಾಲಿಗೆಗೆ ಹಾಕಿಕೊಂಡು, ಗಂಡನನ್ನೇ ನೋಡಿದಳು.

"ಇಷ್ಟು ವರ್ಷ ನನ್ನೆದುರು ಮುಖ ಒಂಚೂರೂ ಅಲ್ಲಾಡಿಸದೆ ಉಂಡ್ರಲ್ಲ! ಆ ಕೆಲಸಕ್ಕೆ ನಿಮ್ಮನ್ನ ಬಿಟ್ಟು ಬೇರೆ ಯಾರು ಸಿಗ್ತಾರೆ?" ಎಂದವಳೇ ಮೊದಲು ನಕ್ಕಳು. ಡಬ್ಬಿಯನ್ನು ಮೇಜಿನ ನಡುವೆ ಇಟ್ಟು, ಹುಡುಗಿಯ ಪಕ್ಕದ ಕುರ್ಚಿ ಎಳೆದುಕೊಂಡಳು.

"ಇನ್ಮೇಲೆ ರುಚಿ ನೋಡಿ ನೀನೇ ಹೇಳಮ್ಮ. ಈ ಮನೆ ಗಂಡಸರ ಮುಖ ನಂಬೋ ಹಾಗಿಲ್ಲ."